ಅಚ್ಚು ತೆಗೆಯುವ ಮುಂಚಿನ ಹತ್ತು ನಿಮಿಷ: ವಸಡು, ದಾರ ಮತ್ತು ದಂತವೈದ್ಯರ ಆಯ್ಕೆ

(ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರು ಈ ಸಭೆಯಲ್ಲಿ ಸುಮಾರು ಜನ ಇರುತ್ತೀರಿ. ಅವರಿಗೆ ಇದು ನೆನಪಿರಬಹುದು. ಹಲ್ಲು ಸವೆಸುವುದು ಮುಗಿದಿದೆ, ಮಷೀನಿನ ಸದ್ದು ನಿಂತಿದೆ. ಇನ್ನೇನು ಅಳತೆ ತೆಗೆದು ಕಳಿಸುತ್ತಾರೆ ಅಂದುಕೊಂಡರೆ, ಡಾಕ್ಟರು ಚಪ್ಪಟೆ ತುದಿಯ ಸಣ್ಣ ಉಪಕರಣವೊಂದನ್ನು ಹಿಡಿದು ಹಲ್ಲಿನ ಬುಡದ ಸುತ್ತ ಏನನ್ನೋ ತುರುಕುತ್ತಾ ಕೂತುಬಿಡುತ್ತಾರೆ. ಬಾಯಿ ತೆರೆದು ತೆರೆದು ದವಡೆ ಸೋತಿರುತ್ತದೆ. ಒಗರು ಒಗರಾದ ಏನೋ ನಾಲಗೆಗೆ ತಾಕುತ್ತದೆ. ಏನು ಮಾಡುತ್ತಿದ್ದೇವೆ ಅಂತ ನಾವು ಡಾಕ್ಟರುಗಳು ಹೇಳುವುದು ಕಡಿಮೆ, ಕೇಳೋಣ ಅಂದರೆ ನಿಮ್ಮ ಬಾಯಿ ಖಾಲಿ ಇರುವುದಿಲ್ಲ.

ಆಗ ನಡೆಯುತ್ತಿರುವುದು ವಸಡನ್ನು ಪಕ್ಕಕ್ಕೆ ಸರಿಸುವ ಕೆಲಸ. ಇದಕ್ಕೆ ಹಲವು ದಾರಿಗಳಿವೆ. ಕೆಲವರಿಗೆ ದಾರವೇ ಆಗಬೇಕು, ಕೆಲವರಿಗೆ ಪೇಸ್ಟ್ ಇಷ್ಟ, ಲೇಸರ್ ಕೊಂಡವರು ಲೇಸರನ್ನೇ ಹೊಗಳುತ್ತಾರೆ. ಯಾರ ಆಯ್ಕೆಗೆ ಏನು ಕಾರಣ ಅನ್ನುವುದು ಇವತ್ತಿನ ಮಾತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಸಾಧನ ಅನ್ನುವುದಕ್ಕಿಂತ, ಆ ದಿನ ವಸಡು ಯಾವ ಸ್ಥಿತಿಯಲ್ಲಿದೆ ಅನ್ನುವುದೇ ಜಾಸ್ತಿ ಮುಖ್ಯ. ಹಾಗಂತ ಸಾಧನಗಳ ಮಾತು ಬಿಡುವಂತಿಲ್ಲ, ಅದರಲ್ಲೂ ಸ್ವಾರಸ್ಯ ಇದೆ.

ಮೊದಲು ಜಾಗದ ಪರಿಚಯ ಆಗಲಿ. ವಸಡು ಹಲ್ಲಿಗೆ ಅಂಟಿಕೊಂಡೇ ಇರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಮೇಲಿನ ಅಂಚು ಅಂಟಿಕೊಂಡಿರುವುದಿಲ್ಲ. ಅಂಗಿಯ ಕಾಲರು ಕತ್ತಿನ ಸುತ್ತ ಇರುವ ಹಾಗೆ ಅದು ಹಲ್ಲಿನ ಸುತ್ತ ಬಿಗಿಯಾಗಿ ಒರಗಿಕೊಂಡಿರುತ್ತದೆ, ಅಷ್ಟೇ. ಹಲ್ಲಿಗೂ ಅದಕ್ಕೂ ನಡುವೆ ಒಂದು ಕಿರಿದಾದ ಸಂದು. ಆರೋಗ್ಯವಾಗಿರುವ ಬಾಯಲ್ಲಿ ಸಣ್ಣ ಅಳತೆಕಡ್ಡಿ ಇಳಿಸಿದರೆ ಒಂದರಿಂದ ಮೂರು ಮಿಲಿಮೀಟರ್ ಹೋಗುತ್ತದೆ. ಸಂದಿನ ತಳದಿಂದ ಕೆಳಗೆ ವಸಡು ನಿಜವಾಗಿ ಹಲ್ಲಿಗೆ ಹಿಡಿದುಕೊಂಡಿರುತ್ತದೆ. 1961ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನ ಈ ಹಿಡಿತದ ಸರಾಸರಿ ಎತ್ತರವನ್ನು 2.04 ಮಿಲಿಮೀಟರ್ ಅಂತ ಲೆಕ್ಕ ಹಾಕಿತು. ಸರಾಸರಿ ಅನ್ನುವುದನ್ನು ಮರೆಯಬಾರದು, ಒಬ್ಬರಿಂದ ಒಬ್ಬರಿಗೆ, ಹಲ್ಲಿಂದ ಹಲ್ಲಿಗೆ ಇದು ಬದಲಾಗುತ್ತದೆ. ಆದರೂ ಈ ಎರಡು ಮಿಲಿಮೀಟರಿನ ಜಾಗಕ್ಕೆ ಕೈ ಹಾಕಬಾರದು ಅನ್ನುವುದು ನಮಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಕೈ ಹಾಕಿದರೆ ವಸಡು ಊದಿಕೊಳ್ಳುತ್ತದೆ, ಇಲ್ಲವೇ ಕೆಳಗೆ ಜಾರುತ್ತದೆ.

ಇನ್ನು ಕ್ಯಾಪಿನ ವಿಷಯ. ಹಲ್ಲನ್ನು ಸವೆಸಿದ ಜಾಗ ಎಲ್ಲಿ ಮುಗಿಯುತ್ತದೋ ಅಲ್ಲೊಂದು ಅಂಚು ಉಳಿಯುತ್ತದೆ. ನಾವು ಮಾರ್ಜಿನ್ ಅನ್ನುತ್ತೇವೆ. ಕ್ಯಾಪಿನ ತುದಿ ಬಂದು ಕೂರುವುದು ಈ ಗೆರೆಯ ಮೇಲೆ. ಅಲ್ಲಿ ಸಂದು ಉಳಿದರೆ ಸಿಮೆಂಟ್ ಕರಗುತ್ತದೆ, ಕೊಳೆ ಸೇರುತ್ತದೆ, ಕ್ಯಾಪಿನ ಅಡಿಯಲ್ಲೇ ಹುಳುಕು ಶುರುವಾಗುತ್ತದೆ. 1971ರ ಒಂದು ಅಧ್ಯಯನದ ನಂತರ 120 ಮೈಕ್ರಾನ್ ಒಳಗಿನ ಸಂದು ಇದ್ದರೆ ಪರವಾಗಿಲ್ಲ ಅನ್ನುವ ಲೆಕ್ಕ ನಮ್ಮಲ್ಲಿ ಚಾಲ್ತಿಗೆ ಬಂತು. ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಕ್ಯಾಪ್ ಮಾಡುವ ಲ್ಯಾಬಿನ ಟೆಕ್ನಿಷಿಯನ್ ನಿಮ್ಮ ಬಾಯಿ ನೋಡಿರುವುದೇ ಇಲ್ಲ. ಅವರ ಕೈಗೆ ಸಿಗುವುದು ಅಚ್ಚು ಮಾತ್ರ. ಅಚ್ಚಿನಲ್ಲಿ ಆ ಗೆರೆ ಕಾಣದಿದ್ದರೆ ಅವರು ಅಂದಾಜಿನ ಮೇಲೆ ಗೆರೆ ಎಳೆಯಬೇಕಾಗುತ್ತದೆ.

ಗೆರೆ ವಸಡಿಗಿಂತ ಮೇಲಿದ್ದರೆ ಏನೂ ತೊಂದರೆಯಿಲ್ಲ. ಎಷ್ಟೋ ಸಲ ಅದು ವಸಡಿನ ಒಳಗೆ ಇಳಿದಿರುತ್ತದೆ. ಹಳೆಯ ಫಿಲ್ಲಿಂಗೋ ಹುಳುಕೋ ಅಲ್ಲಿಯವರೆಗೆ ಹೋಗಿರುತ್ತದೆ. ಹಲ್ಲು ಗಿಡ್ಡವಾಗಿದ್ದರೆ ಕ್ಯಾಪಿಗೆ ಹಿಡಿತ ಸಿಗಲು ಒಳಗೆ ಹೋಗಬೇಕಾಗುತ್ತದೆ. ಮುಂದಿನ ಹಲ್ಲಾದರೆ, ನಕ್ಕಾಗ ಅಂಚು ಕಾಣಬಾರದು ಅನ್ನುವ ಆಸೆ. ಆಗ ಗೆರೆಯ ಮೇಲೆ ವಸಡು ಬಿದ್ದಿರುತ್ತದೆ, ಜೊತೆಗೆ ಸಂದಿನಿಂದ ಸದಾ ಜಿನುಗುವ ದ್ರವ, ಜೊಲ್ಲು, ಕೆಲವೊಮ್ಮೆ ರಕ್ತ. ಅಚ್ಚಿಗೆ ಬಳಸುವ ಸಿಲಿಕೋನ್ ನೀರಿನಂಶ ಇದ್ದ ಕಡೆ ಸರಿಯಾಗಿ ಹರಡುವುದಿಲ್ಲ. ಪಾಲಿಈಥರ್ ಅನ್ನುವ ಇನ್ನೊಂದು ವಸ್ತು ತೇವವನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ರಕ್ತದ ಮುಂದೆ ಅದೂ ಸೋಲುತ್ತದೆ.

ಹಾಗಾಗಿ ವಸಡನ್ನು ಎರಡು ದಿಕ್ಕಿನಲ್ಲಿ ಸರಿಸಬೇಕು. ಕೆಳಕ್ಕೆ, ಗೆರೆ ಕಾಣಲಿ ಅಂತ. ಪಕ್ಕಕ್ಕೆ, ಅಚ್ಚಿನ ವಸ್ತು ಒಳಗೆ ಇಳಿಯಲಿ ಅಂತ. ಜನ ಮರೆಯುವುದು ಈ ಎರಡನೆಯದನ್ನು. ಗೆರೆಯ ಹತ್ತಿರ ಸಂದಿನ ಅಗಲ ಕಡಿಮೆ ಅಂದರೂ 0.2 ಮಿಲಿಮೀಟರ್ ಇರಬೇಕು. ಅದಕ್ಕಿಂತ ತೆಳುವಾದರೆ ಅಚ್ಚನ್ನು ಬಾಯಿಂದ ಎಳೆಯುವಾಗ ಆ ಅಂಚು ಹರಿಯುತ್ತದೆ, ಹರಿಯದಿದ್ದರೆ ಸೊಟ್ಟಗಾಗುತ್ತದೆ. ಹರಿದದ್ದು ಕಣ್ಣಿಗೆ ಕಾಣುತ್ತದೆ. ಸೊಟ್ಟಗಾದದ್ದು ಕಾಣುವುದಿಲ್ಲ, ಕ್ಯಾಪ್ ಬಂದ ದಿನ ಗೊತ್ತಾಗುತ್ತದೆ.

ಈಗ ದಾರದ ವಿಷಯಕ್ಕೆ ಬರೋಣ. ಹತ್ತಿಯ ದಾರ ಇದು, ರಿಟ್ರಾಕ್ಷನ್ ಕಾರ್ಡ್ ಅನ್ನುತ್ತೇವೆ. ಹುರಿ ಮಾಡಿದ್ದು ಬರುತ್ತದೆ, ಜಡೆ ಹೆಣೆದದ್ದು ಬರುತ್ತದೆ, ಸಣ್ಣ ಸಣ್ಣ ಕುಣಿಕೆಗಳಾಗಿ ನಿಟ್ಟಿಂಗ್ ಮಾಡಿದ್ದೂ ಬರುತ್ತದೆ. ನಿಟ್ಟಿಂಗ್ ಮಾಡಿದ ದಾರ ಒತ್ತಿದಾಗ ತಗ್ಗುತ್ತದೆ, ಒಳಗೆ ಕೂತ ಮೇಲೆ ಅರಳುತ್ತದೆ, ದ್ರವವನ್ನೂ ಚೆನ್ನಾಗಿ ಹೀರುತ್ತದೆ. ಅದಕ್ಕೇ ಅದನ್ನು ಇಷ್ಟಪಡುವವರು ಜಾಸ್ತಿ. ದಪ್ಪಕ್ಕೆ ನಂಬರು ಇರುತ್ತದೆ. ಮೂರು ಸೊನ್ನೆಯದು ತೀರಾ ತೆಳು, ಆಮೇಲೆ ಎರಡು ಸೊನ್ನೆ, ಒಂದು ಸೊನ್ನೆ, ಅಲ್ಲಿಂದ 1, 2, 3 ಅಂತ ದಪ್ಪ ಆಗುತ್ತಾ ಹೋಗುತ್ತದೆ.

ತುರುಕುವುದು ನೋಡಲು ಸುಲಭ, ಮಾಡಲು ನಾಜೂಕು. ಹಲ್ಲಿನ ಸುತ್ತಳತೆಗೆ ಬೇಕಾದಷ್ಟು ದಾರ ಕತ್ತರಿಸಿ, ಔಷಧದಲ್ಲಿ ಅದ್ದಿ, ಹೆಚ್ಚಿನದ್ದನ್ನು ಒತ್ತಿ ತೆಗೆಯುತ್ತೇವೆ. ಹಲ್ಲಿನ ಸುತ್ತ ಕುಣಿಕೆ ಹಾಕಿ, ಎರಡು ಹಲ್ಲುಗಳ ನಡುವಿನ ಮೂಲೆಯಿಂದ ಶುರು ಮಾಡುತ್ತೇವೆ. ಅಲ್ಲಿ ಸಂದು ಸ್ವಲ್ಪ ಆಳ ಇರುವುದರಿಂದ ದಾರ ನಿಲ್ಲುತ್ತದೆ. ಉಪಕರಣದ ತುದಿಯನ್ನು ಹಲ್ಲಿನ ಕಡೆಗೆ ವಾಲಿಸಬೇಕು, ವಸಡಿನ ಕಡೆಗಲ್ಲ. ಇನ್ನೊಂದು ಗುಟ್ಟು ಏನೆಂದರೆ, ಪ್ರತಿ ಸಲ ಒತ್ತುವಾಗ ಈಗಾಗಲೇ ಕೂತ ದಾರದ ದಿಕ್ಕಿಗೆ ಒತ್ತಬೇಕು. ಮುಂದಕ್ಕೆ ತಳ್ಳಿದರೆ ಹಿಂದೆ ಕೂತದ್ದು ಎದ್ದು ಬರುತ್ತದೆ. ಕಲಿಯುವವರು ಈ ಒಂದು ವಿಷಯಕ್ಕೇ ಒದ್ದಾಡುವುದನ್ನು ನೋಡಿದ್ದೇನೆ. ಅವರಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದರೆ ವಸಡಿನ ತಳದ ಹಿಡಿತ ಹರಿದು ರಕ್ತ ಬರುತ್ತದೆ. ಅಲ್ಲಿಗೆ ಅವತ್ತಿನ ಅಚ್ಚಿನ ಕತೆ ಮುಗಿದ ಹಾಗೆ.

ಕೂರಿಸಿದ ಮೇಲೆ ಕಾಯಬೇಕು. ನಾಲ್ಕು ನಿಮಿಷವಾದರೂ ಬೇಕು, ಹತ್ತು ನಿಮಿಷ ಮೀರಿಸುವುದು ಒಳ್ಳೆಯದಲ್ಲ. ಈ ಕಾಯುವಿಕೆ ನಮಗೂ ಬೇಜಾರು, ನಿಮಗೂ ಬೇಜಾರು. ಆದರೆ ಬೇಗ ತೆಗೆದರೆ ಬೇಕಾದ ಅಗಲ ಸಿಗುವುದಿಲ್ಲ. ತೆಗೆಯುವ ಮುಂಚೆ ದಾರಕ್ಕೆ ನೀರು ಬಿಟ್ಟು ಒದ್ದೆ ಮಾಡುತ್ತೇವೆ. ಒಣಗಿದ ದಾರ ಒಳಗಿನ ತೆಳುಚರ್ಮಕ್ಕೆ ಅಂಟಿಕೊಂಡಿರುತ್ತದೆ, ಹಾಗೇ ಎಳೆದರೆ ಚರ್ಮ ಕಿತ್ತು ರಕ್ತ ಜಿನುಗುತ್ತದೆ. ದಾರ ಹೊರಬಂದ ಕ್ಷಣದಿಂದ ಸಂದು ಮುಚ್ಚಿಕೊಳ್ಳಲು ಶುರು. ಅರ್ಧ ನಿಮಿಷದಲ್ಲೇ ಅಗಲ ಗಣನೀಯವಾಗಿ ಇಳಿದಿರುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಡಾಕ್ಟರು ಮತ್ತು ಸಹಾಯಕರ ನಡುವೆ ಅಷ್ಟೊಂದು ಗಡಿಬಿಡಿ.

ಈ ಗಡಿಬಿಡಿ ತಪ್ಪಿಸಲು ಹುಟ್ಟಿದ್ದು ಎರಡು ದಾರದ ಪದ್ಧತಿ. ಮೊದಲು ತೆಳು ದಾರ ತಳದಲ್ಲಿ ಕೂರುತ್ತದೆ, ಅದರ ಮೇಲೆ ದಪ್ಪ ದಾರ. ಅಚ್ಚು ತೆಗೆಯುವಾಗ ಮೇಲಿನದನ್ನು ಮಾತ್ರ ತೆಗೆಯುತ್ತೇವೆ. ತಳದ್ದು ಒಳಗೇ ಇದ್ದು ಜಿನುಗುವುದನ್ನು ತಡೆಯುತ್ತದೆ, ವಸಡು ಪಕ್ಕನೆ ಮುಚ್ಚದಂತೆ ನೋಡಿಕೊಳ್ಳುತ್ತದೆ. ಹಲವು ಹಲ್ಲುಗಳಿಗೆ ಒಟ್ಟಿಗೆ ಅಚ್ಚು ತೆಗೆಯುವಾಗ ನನ್ನ ಆಯ್ಕೆ ಇದೇ. ಸಂದು ಆಳವಿಲ್ಲದ, ತೆಳು ವಸಡಿನ ಮುಂದಿನ ಹಲ್ಲಿಗೆ ಮಾತ್ರ ಎರಡು ದಾರ ಬೇಡ ಅನ್ನುತ್ತೇನೆ. ತೆಳು ವಸಡು ಒಮ್ಮೆ ಇಳಿದರೆ ಮತ್ತೆ ಮೇಲೆ ಬರುತ್ತದೆ ಅನ್ನುವ ಭರವಸೆ ಇಲ್ಲ.

ಬೇರೆ ಡಾಕ್ಟರುಗಳು ಏನು ಮಾಡುತ್ತಾರೆ? ಇದನ್ನು ಕೇಳಿ ನೋಡಿದ ಸಮೀಕ್ಷೆಗಳಿವೆ. 1999ರಲ್ಲಿ ಅಮೆರಿಕದ ಪ್ರಾಸ್ತೊಡಾಂಟಿಸ್ಟರನ್ನು, ಅಂದರೆ ಕ್ಯಾಪು-ಸೆಟ್ಟಿನ ತಜ್ಞರನ್ನು ಕೇಳಿದಾಗ ಶೇ. 98ರಷ್ಟು ಜನ ದಾರ ಬಳಸುತ್ತೇವೆ ಅಂದರು. ಅವರಲ್ಲಿ ಎರಡು ದಾರದವರು, ಒಂದೇ ದಾರದವರು ಹೆಚ್ಚುಕಡಿಮೆ ಸಮಸಮ. 2015ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ, ಅದರಲ್ಲೂ ಹೆಚ್ಚಿನವರು ಅಮೆರಿಕದವರೇ, ಶೇ. 92ರಷ್ಟು ಜನ ದಾರ ಬಳಸುತ್ತಿದ್ದರು. ಈ ನಡುವೆ ಪೇಸ್ಟುಗಳು ಬಂದವು, ಲೇಸರ್ ಅಗ್ಗವಾಯಿತು, ಸ್ಕ್ಯಾನರ್ ಬಂತು. ಆದರೂ ದಾರ ಕದಲಲಿಲ್ಲ. ಪೇಸ್ಟನ್ನೂ ಎಷ್ಟೋ ಜನ ಬಳಸುತ್ತಿದ್ದರು ನಿಜ, ಆದರೆ ದಾರದ ಜೊತೆಗೆ.

ಇದು ಬರೀ ಹಳೆಯ ರೂಢಿ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ದಾರ ಒತ್ತುವಾಗ ಸಂದಿನ ಆಳ ಬೆರಳಿಗೆ ತಿಳಿಯುತ್ತದೆ. ಎಲ್ಲಿ ಮೆತ್ತಗಿದೆ, ಎಲ್ಲಿ ತಡೆಯುತ್ತಿದೆ, ಗೆರೆ ಎಲ್ಲಿ ಕೆಳಗಿಳಿದಿದೆ, ಎಲ್ಲವೂ ಕೈಗೆ ಬರುತ್ತದೆ. ಪೇಸ್ಟು ಈ ಸುದ್ದಿ ಕೊಡುವುದಿಲ್ಲ.

ದಾರ ಎಲ್ಲರದ್ದೂ ಒಂದೇ ಆದರೂ ಅದನ್ನು ಅದ್ದುವ ಔಷಧದಲ್ಲಿ ಕಾಲ ಬದಲಾಗಿದೆ. ಹಿಂದೆ ಎಪಿನೆಫ್ರಿನ್, ಅಂದರೆ ಅಡ್ರಿನಲಿನ್ ಸೇರಿಸಿದ ದಾರ ತುಂಬಾ ಚಾಲ್ತಿಯಲ್ಲಿತ್ತು. ರಕ್ತನಾಳ ಬಿಗಿಯಾಗುತ್ತದೆ, ರಕ್ತ ನಿಲ್ಲುತ್ತದೆ, ವಸಡು ಕುಗ್ಗುತ್ತದೆ, ಕೆಲಸ ಸೊಗಸು. ಆದರೆ ಮರಗಟ್ಟಿಸುವ ಇಂಜೆಕ್ಷನ್ನಿನ ಒಂದು ಕಾರ್ಟ್ರಿಜ್‌ನಲ್ಲಿ, ಲಕ್ಷಕ್ಕೆ ಒಂದರ ಪ್ರಮಾಣದ್ದಾದರೆ, ಇರುವ ಅಡ್ರಿನಲಿನ್ ಸುಮಾರು 0.018 ಮಿಲಿಗ್ರಾಂ. ಆ ದಾರದ ಒಂದು ಇಂಚಿನಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಅಷ್ಟೂ ರಕ್ತಕ್ಕೆ ಸೇರುವುದಿಲ್ಲ. ಆದರೆ ವಸಡು ಗಾಯವಾಗಿದ್ದರೆ ಸೇರುವುದು ಹೆಚ್ಚುತ್ತದೆ. ಎದೆ ಢವಢವ, ಕೈ ನಡುಕ, ಗಾಬರಿ, ಬಿಪಿ ಏರಿಕೆ. ಹೃದಯದ ತೊಂದರೆ, ಏರಿದ ಥೈರಾಯ್ಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವಿದ್ದವರಿಗೆ ಇದು ಅಪಾಯ. ನಾವು ನಿಮ್ಮ ಮಾತ್ರೆಗಳ ಪಟ್ಟಿ ಕೇಳುವುದು ಸುಮ್ನೆ ಅಲ್ಲ.

ಈಗ ಬಹುತೇಕರು ಅಲ್ಯೂಮಿನಿಯಂ ಕ್ಲೋರೈಡ್ ಕಡೆಗೆ ಬಂದಿದ್ದಾರೆ, ಸಾಮಾನ್ಯವಾಗಿ 20ರಿಂದ 25 ಶೇಕಡಾ ದ್ರಾವಣ. ಆ ಒಗರು ರುಚಿ ಇಂಥ ಔಷಧಗಳದ್ದೇ. ಪಟಿಕವೂ ಇದೇ ಜಾತಿಯದ್ದು, ಸೌಮ್ಯ, ಆದರೆ ರಕ್ತ ನಿಲ್ಲಿಸುವಲ್ಲಿ ಸ್ವಲ್ಪ ಹಿಂದೆ. ರಕ್ತ ಜಾಸ್ತಿ ಇದ್ದರೆ ಫೆರಿಕ್ ಸಲ್ಫೇಟ್ ಚುರುಕು. ರಕ್ತದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಸಣ್ಣ ನಾಳಗಳ ಬಾಯಿ ಮುಚ್ಚಿಬಿಡುತ್ತದೆ. ಅದರ ತೊಂದರೆ ಅಂದರೆ ಬಣ್ಣ. ವಸಡು ಒಂದೆರಡು ದಿನ ಕಂದು, ಕಪ್ಪು ಕಾಣುತ್ತದೆ, ರೋಗಿ ಕನ್ನಡಿ ನೋಡಿ ಹೆದರಿ ಫೋನ್ ಮಾಡುತ್ತಾರೆ. ಬಣ್ಣ ತಾನಾಗಿ ಹೋಗುತ್ತದೆ. ಆದರೆ ತೆಳು ಪಿಂಗಾಣಿ ಕ್ಯಾಪಿನ ಕೆಳಗೆ ಕಲೆ ಉಳಿದರೆ ಚೆನ್ನಾಗಿರುವುದಿಲ್ಲ, ಅದಕ್ಕೇ ಮುಂದಿನ ಹಲ್ಲಿಗೆ ನಾನು ಅದನ್ನು ಬಳಸುವುದು ಕಡಿಮೆ. ಈ ಔಷಧಗಳೆಲ್ಲ ಆಮ್ಲೀಯ. ಜಾಸ್ತಿ ಹೊತ್ತು ಬಿಟ್ಟರೆ ವಸಡಿಗೂ ಹಲ್ಲಿಗೂ ಉರಿ. ಚೆನ್ನಾಗಿ ತೊಳೆಯಬೇಕು.

ತೊಳೆಯುವ ಮಾತು ಬಂದಾಗ ಒಂದು ಚಿಕ್ಕ ವಿಷಯ. ಲೇಟೆಕ್ಸ್ ಗ್ಲೌಸಿನಲ್ಲಿರುವ ಗಂಧಕ ಅಡಿಷನ್ ಸಿಲಿಕೋನ್ ಅನ್ನುವ ಅಚ್ಚಿನ ವಸ್ತು ಗಟ್ಟಿಯಾಗುವುದನ್ನು ತಡೆಯುತ್ತದೆ. ದಾರವನ್ನು ಆ ಗ್ಲೌಸಿನಲ್ಲಿ ಹಿಸುಕಿ, ಅದೇ ದಾರವನ್ನು ಸಂದಿಗೆ ಹಾಕಿದರೆ ಬೇಡದ ಗಂಧಕವನ್ನು ನಾವೇ ಬೇಕಾದ ಜಾಗಕ್ಕೆ ಒಯ್ದ ಹಾಗೆ. ಅಚ್ಚೆಲ್ಲ ಚೆನ್ನಾಗಿ ಬಂದು ಗೆರೆಯ ಹತ್ತಿರ ಮಾತ್ರ ಅಂಟಂಟು ಉಳಿದಿದ್ದರೆ ಮೊದಲು ಗ್ಲೌಸನ್ನು ಅನುಮಾನಿಸಬೇಕು.

ಪೇಸ್ಟಿನ ಪಕ್ಷದವರಿಗೂ ನ್ಯಾಯ ಒದಗಿಸಬೇಕು. ಕೇಓಲಿನ್ ಅನ್ನುವ ಬಿಳಿ ಜೇಡಿಯಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿದ ಗಟ್ಟಿ ಪೇಸ್ಟ್ ಇದೆ. ಸಂದಿಗೆ ತುಂಬಿ ಒಂದೆರಡು ನಿಮಿಷ ಬಿಟ್ಟು ನೀರಿನಲ್ಲಿ ತೊಳೆದರೆ ಆಯಿತು. ಒಳಗೇ ಉಬ್ಬುವ ಸಿಲಿಕೋನ್ ನೊರೆಯೂ ಇದೆ, ಅದರ ಮೇಲೆ ಹತ್ತಿಯ ಟೋಪಿ ಇಟ್ಟು ರೋಗಿಗೆ ಕಚ್ಚಿ ಹಿಡಿಯಲು ಹೇಳುತ್ತಾರೆ. ದಾರಕ್ಕಿಂತ ಒತ್ತಡ ತುಂಬಾ ಕಡಿಮೆ, ನೋವು ಕಡಿಮೆ, ಸಮಯ ಉಳಿತಾಯ. ಗೆರೆ ವಸಡಿನ ಅಂಚಿನಲ್ಲೇ ಇದ್ದರೆ, ವಸಡು ಗಟ್ಟಿಮುಟ್ಟಾಗಿದ್ದರೆ ಪೇಸ್ಟೇ ಸಾಕು. ಆಳಕ್ಕೆ ಹೋದಂತೆ ಅದರ ಶಕ್ತಿ ಸಾಲುವುದಿಲ್ಲ.

ವಿದ್ಯುತ್ ತಂತಿಯಲ್ಲೋ ಲೇಸರಿನಲ್ಲೋ ವಸಡಿನ ಒಳಪದರ ತೆಗೆಯುವುದು ಬೇರೆಯೇ ದಾರಿ. ಇಲ್ಲಿ ವಸಡು ಸರಿಯುವುದಿಲ್ಲ, ಸ್ವಲ್ಪ ಹೋಗಿಯೇ ಬಿಡುತ್ತದೆ. ಗೆರೆಯ ಮೇಲೆ ಬೆಳೆದ ಮಾಂಸ ತೆಗೆಯಲು ಒಳ್ಳೆಯದು. ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಸಾಧನ ಬೇಡ. ಪ್ರತಿ ಹಲ್ಲಿಗೂ ಲೇಸರ್ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ, ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಕೂರಿಸುವ ಲೋಹದ ಕೃತಕ ಬೇರು, ಹಾಕಿಸಿಕೊಂಡವರು ಒಂದು ವಿಷಯ ತಿಳಿದಿರಿ. ಹಲ್ಲಿನ ಬೇರಿಗೆ ವಸಡಿನ ನಾರುಗಳು ನಾಟಿಕೊಂಡಿರುತ್ತವೆ. ಇಂಪ್ಲಾಂಟಿನ ಲೋಹಕ್ಕೆ ಹಾಗೆ ನಾಟುವುದಿಲ್ಲ, ಸುತ್ತ ಒರಗಿಕೊಂಡು ಹೋಗುತ್ತವೆ. ಹಾಗಾಗಿ ಅಲ್ಲಿ ದಾರ ತುರುಕಿದರೆ ಸುಲಭವಾಗಿ ಆಳಕ್ಕೆ ಇಳಿದುಬಿಡುತ್ತದೆ. ಅದೃಷ್ಟಕ್ಕೆ ಇಂಪ್ಲಾಂಟಿನ ಅಚ್ಚಿಗೆ ಅದಕ್ಕೆಂದೇ ಮಾಡಿದ ಬಿಡಿಭಾಗಗಳಿವೆ, ಹೆಚ್ಚಿನ ಸಲ ವಸಡು ಸರಿಸುವ ಅಗತ್ಯವೇ ಬರುವುದಿಲ್ಲ.

ಸ್ಕ್ಯಾನರ್ ಬಂದ ಮೇಲೆ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಬಾಯೊಳಗೆ ಕ್ಯಾಮೆರಾ ಆಡಿಸಿ ಕಂಪ್ಯೂಟರಿನಲ್ಲಿ ಅಚ್ಚು ಮೂಡಿಸುವ ಸಾಧನ ಅದು. ಬಾಯಿ ತುಂಬ ಅಚ್ಚಿನ ವಸ್ತು ಇಡುವುದು ತಪ್ಪಿತು, ವಾಕರಿಕೆ ತಪ್ಪಿತು, ಬಹಳ ಒಳ್ಳೆಯದು. ಆದರೆ ಕ್ಯಾಮೆರಾ ಬೆಳಕು ಬಿದ್ದದ್ದನ್ನು ಮಾತ್ರ ನೋಡುತ್ತದೆ. ಸಿಲಿಕೋನಾದರೆ ಒತ್ತಡದಲ್ಲಿ ಸಂದಿಗೆ ಸ್ವಲ್ಪ ನುಗ್ಗುತ್ತದೆ, ವಸಡನ್ನು ತಾನೇ ಒಂಚೂರು ತಳ್ಳುತ್ತದೆ. ಬೆಳಕಿಗೆ ಆ ಶಕ್ತಿ ಇಲ್ಲ. ಗೆರೆಯ ಮೇಲೆ ವಸಡಿದ್ದರೆ ಸ್ಕ್ಯಾನರ್ ವಸಡನ್ನೇ ಬರೆದುಕೊಳ್ಳುತ್ತದೆ, ರಕ್ತದ ಹನಿ ಇದ್ದರೆ ಹನಿಯನ್ನೇ ಹಲ್ಲು ಅಂದುಕೊಳ್ಳುತ್ತದೆ. ಹಾಗಾಗಿ ಸ್ಕ್ಯಾನರ್ ಇಟ್ಟುಕೊಂಡವರ ಟ್ರೇಯಲ್ಲೂ ದಾರದ ಡಬ್ಬಿ ಇದ್ದೇ ಇರುತ್ತದೆ. ಒಂದು ಲಾಭ ಖಂಡಿತ ಇದೆ. ಗೆರೆ ಕಾಣದ ಜಾಗ ಆಗಲೇ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ, ಅಷ್ಟನ್ನೇ ಮತ್ತೆ ಸ್ಕ್ಯಾನ್ ಮಾಡಬಹುದು.

ಈಗ ನಾನು ಮೊದಲೇ ಹೇಳಿದ ಮಾತಿಗೆ ಕಾರಣ ಕೊಡುತ್ತೇನೆ. ಊದಿಕೊಂಡ, ಮುಟ್ಟಿದರೆ ರಕ್ತ ಬರುವ ವಸಡಿನ ಮುಂದೆ ಈ ಯಾವ ಸಾಧನವೂ ಪೂರ್ತಿ ಗೆಲ್ಲುವುದಿಲ್ಲ. ದಾರ ಹಾಕಿದರೂ ಒಸರುತ್ತದೆ, ಪೇಸ್ಟನ್ನು ರಕ್ತವೇ ಎತ್ತಿಬಿಡುತ್ತದೆ. ಹೇಗೋ ಅಚ್ಚು ಬಂತು ಅಂದುಕೊಳ್ಳಿ. ಆಮೇಲೆ ಊತ ಇಳಿದರೆ ವಸಡಿನ ಮಟ್ಟವೇ ಬದಲಾಗಿ, ಒಳಗೆ ಅಡಗಬೇಕಿದ್ದ ಅಂಚು ಹೊರಗೆ ಕಾಣುತ್ತದೆ. ಹಲ್ಲು ಕ್ಲೀನ್ ಮಾಡಿಸಿ, ಸರಿಯಾಗಿ ಬ್ರಶ್ ಮಾಡಿ, ಒಂದೆರಡು ವಾರ ಬಿಟ್ಟು ಬಂದರೆ ಅದೇ ವಸಡು ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿಯಾಗಿರುತ್ತದೆ. ಆಗ ತೆಳುವಾದ ಒಂದು ದಾರ ಸಾಕಾಗುತ್ತದೆ.

ಈ ನಡುವೆ ಹಾಕುವ ತಾತ್ಕಾಲಿಕ ಕ್ಯಾಪಿನದ್ದೂ ದೊಡ್ಡ ಪಾತ್ರ. ಅದರ ಅಂಚು ಒರಟಾಗಿದ್ದರೆ, ಉದ್ದವಾಗಿದ್ದು ವಸಡಿಗೆ ಚುಚ್ಚುತ್ತಿದ್ದರೆ, ಕೆಲವೇ ದಿನದಲ್ಲಿ ವಸಡು ಕೆರಳುತ್ತದೆ. ‘ತಾತ್ಕಾಲಿಕ ತಾನೇ’ ಅಂತ ನಾವು ಅವಸರ ಮಾಡಿದರೆ ಮುಂದಿನ ಭೇಟಿಯಲ್ಲಿ ದಾರ ಹಿಡಿದು ನಾವೇ ಒದ್ದಾಡಬೇಕು. ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ, ಗೆರೆಯನ್ನು ವಸಡಿನ ಮೇಲೆಯೇ ನಿಲ್ಲಿಸಲು ಸಾಧ್ಯವಾ ಅಂತ ನೋಡಬೇಕು. ಹಲ್ಲಿನ ಬಣ್ಣದ ಪಿಂಗಾಣಿ ಬಂದ ಮೇಲೆ ಹಿಂದಿನ ಹಲ್ಲುಗಳಿಗಂತೂ ಒಳಗೆ ಹೋಗುವ ಅಗತ್ಯ ಬಹಳ ಕಡಿಮೆಯಾಗಿದೆ. ಹುಳುಕು ತೀರಾ ಆಳಕ್ಕೆ ಹೋಗಿದ್ದರೆ ಸಣ್ಣ ಆಪರೇಷನ್ ಮಾಡಿ ವಸಡನ್ನೂ ಮೂಳೆಯನ್ನೂ ಸ್ವಲ್ಪ ಕೆಳಗಿಳಿಸುವ ದಾರಿಯೂ ಇದೆ. ಎಷ್ಟು ಉದ್ದದ ದಾರ ಹಾಕಿದರೂ ಮೂಳೆಯ ಪಕ್ಕದ ಗೆರೆಗೆ ಒಳ್ಳೆಯ ಅಚ್ಚು ಸಿಗುವುದಿಲ್ಲ.

ಹಾಗಾಗಿ ನಿಮ್ಮ ಡಾಕ್ಟರು ‘ಇವತ್ತು ಬೇಡ, ವಸಡು ಸರಿಯಾಗಲಿ, ಇನ್ನೊಂದು ದಿನ ಅಚ್ಚು ತೆಗೆಯೋಣ’ ಅಂದರೆ ದಯವಿಟ್ಟು ಮುನಿಸಿಕೊಳ್ಳಬೇಡಿ. ಅವರು ತಮ್ಮ ಸಮಯವನ್ನೂ ಬಿಟ್ಟುಕೊಟ್ಟು ಆ ಮಾತು ಹೇಳುತ್ತಿರುತ್ತಾರೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ನೋವಾಗುತ್ತದಾ ಅಂತ ಹಿರಿಯರೊಬ್ಬರು ಕೇಳಿದರು. ಹಲ್ಲು ಮರಗಟ್ಟಿಸಿದ್ದರೆ ಆ ಹೊತ್ತಿಗೆ ಒತ್ತಿದಂತೆ ಮಾತ್ರ ಅನ್ನಿಸುತ್ತದೆ. ಆಮೇಲೆ ಒಂದೆರಡು ದಿನ ವಸಡು ಚುರುಚುರು ಅನ್ನಬಹುದು. ರೂಟ್ ಕೆನಾಲ್ ಆದ ಹಲ್ಲಿಗೆ ಇಂಜೆಕ್ಷನ್ ಬೇಡ ಅಂತ ಕೆಲವರು ಹಾಗೇ ಮಾಡುತ್ತಾರೆ. ಹಲ್ಲಿಗೆ ಜೀವವಿಲ್ಲ ಸರಿ, ವಸಡಿಗೆ ಇದೆ. ನೋವಾದರೆ ಕೈ ಎತ್ತಿ ಹೇಳಿ, ಸಂಕೋಚ ಬೇಡ.

ದಾರ ಒಳಗೇ ಉಳಿದುಬಿಟ್ಟರೆ ಏನು ಗತಿ ಅಂತ ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದರು. ಆಗುವುದುಂಟು, ಎರಡು ದಾರ ಹಾಕಿದಾಗ ಮುಖ್ಯವಾಗಿ. ತಳದ ದಾರ ರಕ್ತದ ಬಣ್ಣಕ್ಕೆ ತಿರುಗಿ ವಸಡಿನೊಳಗೆ ಕಾಣದಂತಾಗುತ್ತದೆ. ಅಚ್ಚಿನ ಜೊತೆ ಕಿತ್ತು ಬಂದಿರಬಹುದು ಅಂದುಕೊಂಡು ಬಿಟ್ಟುಬಿಡುವುದೂ ಇದೆ. ಹಾಕಿದ ತುಂಡುಗಳೆಷ್ಟು, ತೆಗೆದದ್ದೆಷ್ಟು ಅಂತ ಎಣಿಸಿಕೊಳ್ಳುವುದು ಡಾಕ್ಟರ ಕೆಲಸ. ನಿಮ್ಮ ಕಡೆಯಿಂದ ಗಮನಿಸಬೇಕಾದ್ದು ಇಷ್ಟು: ವಾರ ಕಳೆದರೂ ಒಂದೇ ಹಲ್ಲಿನ ಸುತ್ತ ವಸಡು ಕೆಂಪಾಗಿ ಊದಿದ್ದರೆ, ಬ್ರಶ್ ತಾಕಿದಾಗೆಲ್ಲ ಅಲ್ಲೇ ರಕ್ತ ಬರುತ್ತಿದ್ದರೆ, ಕೆಟ್ಟ ವಾಸನೆ ಅಥವಾ ಕೀವು ಕಂಡರೆ, ಕ್ಯಾಪ್ ಬರುವವರೆಗೆ ಕಾಯದೆ ಹೋಗಿ ತೋರಿಸಿ. ಅಲ್ಲಿ ದಾರವೇ ಇದ್ದರೆ ತೆಳು ಉಪಕರಣದಲ್ಲಿ ಮೀಟಿ ತೆಗೆದು, ಸಂದನ್ನು ತೊಳೆಯುತ್ತಾರೆ. ಬೇಗ ತೆಗೆದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ವಸಡು ತಹಬದಿಗೆ ಬರುತ್ತದೆ.